ಇಂಗ್ಲಿಷು ಮೇಷ್ಟರೂ ಮಾತನಾಡುವ ಯಂತ್ರಗಳೂ

ಮನೆಯಲ್ಲಿ ಬಾನುಲಿಯನ್ನು ಇಟ್ಟುಕೊಂಡಿರುವ ಓದುಗ ಮಹಾಶಯರಲ್ಲಿ ಮೊದಲಿಗೆ ಒಂದು ಪ್ರಶ್ನೆ. ನಿಮ್ಮ ರೇಡಿಯೋ ಇಂಗ್ಲಿಷು ವಾರ್ತೆಯನ್ನು ಎಷ್ಟು ಶುದ್ಧವಾಗಿ ಓದುತ್ತದೆ! ಅದನ್ನು ಇಪ್ಪತ್ತು ವರ್ಷ ಕೇಳಿದ ಮೇಲೂ, ಬ್ಯಾಂಕಿನ ಅಧಿಕಾರಿಯೊಡನೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಬೇಕಾಗಿ ಬಂದರೆ ನಮ್ಮಲ್ಲಿ ಹಲವರ ನಾಲಿಗೆ ತೊಡರುವುದೇಕೆ? ಕಿವಿಗೆ ಬಿದ್ದದ್ದೆಲ್ಲ ನಾಲಿಗೆಗೆ ಬರುವುದಿಲ್ಲ, ಅಲ್ಲವೆ? ಈ ಸಣ್ಣ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಬೇಕೆಂದು ಪ್ರಾರ್ಥನೆ. ನಾನು ಹೇಳಹೊರಟಿರುವ ಚರಿತ್ರೆಯ ತಿರುಳೆಲ್ಲ ಅದರಲ್ಲಿಯೇ ಇದೆ.

ಈಚೆಗೆ ನಮ್ಮ ಬೀದಿಯ ಔಷಧದಂಗಡಿಯ ಯಜಮಾನರು ನನ್ನನ್ನು ತಡೆದು ಕೇಳಿದರು: “ಪಂಡಿತರೆ, ಈಗ ಎಲ್ಲವೂ ಫೋನಿನಲ್ಲಿಯೇ ಬಂದುಬಿಟ್ಟಿದೆಯಲ್ಲ. ಇಂಗ್ಲಿಷು ಮೇಷ್ಟರುಗಳಿಗೆ ತರಬೇತಿ ಕೊಡುವುದಕ್ಕೆ ಇನ್ನೇನು ಅಡ್ಡಿ? ನನ್ನ ಮೊಮ್ಮಗಳು ಐದನೆಯ ತರಗತಿಗೆ ಬಂದಿದ್ದಾಳೆ, ಒಂದು ವಾಕ್ಯ ನೆಟ್ಟಗೆ ಆಡಲಾರಳು.” ಅವರಿಗೆ ಆಗ ಉತ್ತರ ಕೊಡಲಾರದೆ ಮನೆಗೆ ಬಂದೆ. ಆ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡ ಪಂಡಿತನಿಗೆ ಇಂಗ್ಲಿಷಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಮೂವತ್ತು ವರ್ಷಗಳಿಂದ ಉಪಾಧ್ಯಾಯರ ಕೊಠಡಿಯಲ್ಲಿ ನನ್ನ ಮೇಜಿನ ಪಕ್ಕದ ಮೇಜು ಇಂಗ್ಲಿಷು ಉಪಾಧ್ಯಾಯರದು. ಅವರ ಕಷ್ಟವನ್ನು ನಾನು ಬಲ್ಲೆ. ಅಲ್ಲದೆ ಉಚ್ಚಾರಣೆಯ ವಿಷಯ ನಮ್ಮವರಿಗೆ ಹೊಸದಲ್ಲ. ವೇದಾಂಗಗಳಲ್ಲಿ ಮೊದಲನೆಯದೇ ಶಿಕ್ಷೆ, ಅಂದರೆ ಅಕ್ಷರವನ್ನು ಎಲ್ಲಿ, ಹೇಗೆ ಉಚ್ಚರಿಸಬೇಕೆಂಬ ಶಾಸ್ತ್ರ. ಗುರುವಿನ ಎದುರು ಕುಳಿತು, ಹೇಳಿಸಿಕೊಂಡು, ತಪ್ಪಿದಲ್ಲಿ ತಿದ್ದಿಸಿಕೊಂಡು ಕಲಿಯುವ ವಿದ್ಯೆ ಅದು.

ಕನ್ನಡಿಗನಿಗೆ ಇಂಗ್ಲಿಷು ಎಲ್ಲಿ ಕಷ್ಟವೆಂಬುದನ್ನು ನೋಡಿರಿ. ನಮ್ಮ ಮಾತಿನಲ್ಲಿ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಆದ್ದರಿಂದಲೇ ‘ಬಸ್’ ಬಸ್ಸಾಯಿತು, ‘ಕಾರ್’ ಕಾರಾಯಿತು. ಉಡುವ ‘ವೆಸ್ಟ್’ ಬೇರೆ, ಪಶ್ಚಿಮ ದಿಕ್ಕಿನ ‘ವೆಸ್ಟ್’ ಬೇರೆ. ಒಂದರಲ್ಲಿ ಹಲ್ಲು ತುಟಿಗೆ ತಗಲುತ್ತದೆ, ಇನ್ನೊಂದರಲ್ಲಿ ತುಟಿಗಳು ದುಂಡಾಗುತ್ತವೆ. ನಮ್ಮ ಲಿಪಿಯಲ್ಲಿ ಎರಡಕ್ಕೂ ಒಂದೇ ವಕಾರ. ಇನ್ನು ‘ಪ್ರೆಸೆಂಟ್’ ಎಂಬ ಶಬ್ದದಲ್ಲಿ ಮೊದಲ ಭಾಗವನ್ನು ಒತ್ತಿ ಹೇಳಿದರೆ ಕಾಣಿಕೆ ಎಂದರ್ಥ, ಎರಡನೆಯದನ್ನು ಒತ್ತಿ ಹೇಳಿದರೆ ಅರ್ಪಿಸು ಎಂದರ್ಥ. ಲಘು ಗುರುಗಳ ಲೆಕ್ಕದಲ್ಲಿ ಬೆಳೆದ ನಮ್ಮ ಕಿವಿಗೆ ಈ ಭೇದ ತಾನಾಗಿ ಹತ್ತುವುದಿಲ್ಲ. ಮಕ್ಕಳಿಗೆ ಇದನ್ನು ಕಲಿಸಬೇಕಾದ ಉಪಾಧ್ಯಾಯನೂ ಕನ್ನಡಿಗನೆ. ಅವನಿಗೆ ಕಲಿಸಿದವರೂ ಹೆಚ್ಚಾಗಿ ಕನ್ನಡಿಗರೆ.

ಆದುದರಿಂದ ಇಂಗ್ಲಿಷು ಉಪಾಧ್ಯಾಯನ ತರಬೇತಿಯಲ್ಲಿ ಮೂರು ಅಂಗಗಳಿವೆ ಎನ್ನಬಹುದು. ತನ್ನ ಮಾತನ್ನು ತಾನು ತಿದ್ದಿಕೊಳ್ಳುವುದು ಮೊದಲನೆಯದು. ಕಲಿಸುವ ವಿಧಾನವನ್ನು ತಿಳಿಯುವುದು ಎರಡನೆಯದು. ತರಗತಿಯಲ್ಲಿ ಕಲಿಸುತ್ತಿರುವಾಗ ಬಲ್ಲವರೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು, ನೋಡಿ, ‘ಇಲ್ಲಿ ಹೀಗಲ್ಲ, ಹೀಗೆ’ ಎಂದು ಹೇಳುವುದು ಮೂರನೆಯದು. ಒಂದರ ಹಿಂದೊಂದರಂತೆ ಬಂದ ಯಂತ್ರಗಳು ಈ ಮೂರರಲ್ಲಿ ಯಾವುದಕ್ಕೆ ಒದಗಿದವು, ಯಾವುದಕ್ಕೆ ಒದಗಲಿಲ್ಲ ಎಂಬುದೇ ನಮ್ಮ ಕಥೆ.

ಧ್ವನಿಯನ್ನು ದೂರಕ್ಕೆ ಒಯ್ಯುವ ಆಸೆ ನಮ್ಮ ನಾಡಿನಲ್ಲಿ ಹಳೆಯದು. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪುಟ್ಟ ಪ್ರೇಷಕವೊಂದರ ಮೂಲಕ ‘ಆಕಾಶವಾಣಿ’ಯನ್ನು ಆರಂಭಿಸಿದ್ದು ನಿಮಗೆ ತಿಳಿದೇ ಇದೆ. ಲಂಡನಿನ ಬಿ.ಬಿ.ಸಿ. ಸಂಸ್ಥೆ ಪರದೇಶಗಳವರಿಗಾಗಿ ರೇಡಿಯೋ ಮೂಲಕ ಇಂಗ್ಲಿಷು ಪಾಠಗಳನ್ನು 1943ರಲ್ಲಿ ತೊಡಗಿಸಿತು. ಇಂಗ್ಲಿಷರ ಬಾಯಿಂದಲೇ ಇಂಗ್ಲಿಷನ್ನು ಕೇಳುವ ಭಾಗ್ಯ ರೇಡಿಯೋ ಇದ್ದವರಿಗೆಲ್ಲ ದೊರೆಯಿತು. ಆದರೆ ಕೇಳಿದವನು ಏನು ಹೇಳಿದನೆಂಬುದು ಲಂಡನಿಗೆ ತಿಳಿಯುವ ಬಗೆ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಶಾಲೆಗಳು ಹೆಚ್ಚಿದವು, ಮಕ್ಕಳು ಹೆಚ್ಚಿದರು. ಇಂಗ್ಲಿಷನ್ನು ಚೆನ್ನಾಗಿ ಬಲ್ಲ ಉಪಾಧ್ಯಾಯರು ಮಾತ್ರ ಆ ವೇಗದಲ್ಲಿ ಹೆಚ್ಚಲಿಲ್ಲ. ಇದನ್ನು ಮನಗಂಡು 1956ರಲ್ಲಿ ಅಲಹಾಬಾದಿನಲ್ಲಿ ಒಂದು ತರಬೇತಿ ಸಂಸ್ಥೆಯನ್ನೂ, 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷು ಸಂಸ್ಥೆಯನ್ನೂ ಸ್ಥಾಪಿಸಿದರು. ಹೈದರಾಬಾದಿನ ಆ ಸಂಸ್ಥೆಯೇ ಬೆಳೆದು ಇಂದು ವಿಶ್ವವಿದ್ಯಾನಿಲಯವಾಗಿದೆ. ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷು ಸಂಸ್ಥೆ 1963ರಲ್ಲಿ ಹುಟ್ಟಿತು.

ಅದೇ ಕಾಲದಲ್ಲಿ ಮದರಾಸು ರಾಜ್ಯದಲ್ಲಿ ಒಂದು ಸಾಹಸ ನಡೆಯಿತು. ಆರಂಭದ ತರಗತಿಗಳಿಗೆ ಇಂಗ್ಲಿಷು ಕಲಿಸುವ 27,000 ಉಪಾಧ್ಯಾಯರಿಗೆ ಮರುತರಬೇತಿ ಕೊಡಬೇಕೆಂದು ಸಂಕಲ್ಪಿಸಿದರು. ಅಷ್ಟು ಜನಕ್ಕೆ ಕಲಿಸಬಲ್ಲ ತಜ್ಞರು ಎಲ್ಲಿ ಸಿಕ್ಕಾರು? ಮೊದಲು ಕೆಲವರಿಗೆ ತಜ್ಞರು ಕಲಿಸುವುದು, ಆ ಕೆಲವರು ಊರೂರುಗಳಲ್ಲಿ ಹಲವರಿಗೆ ಕಲಿಸುವುದು, ಹೀಗೆ ಉರುಳುತ್ತ ಹೋದಂತೆ ದೊಡ್ಡದಾಗಬೇಕೆಂಬುದು ಅವರ ಯೋಜನೆ. ಇದಕ್ಕೆ ‘ಮದರಾಸಿನ ಹಿಮದುಂಡೆ’ ಎಂಬ ಹೆಸರು ಬಿದ್ದಿತು. ಮದರಾಸಿನ ಬಿಸಿಲಿನಲ್ಲಿ ಹಿಮದುಂಡೆ! ಹೆಸರಿಟ್ಟವರಿಗೆ ಅದು ಬೆಳೆಯುವ ಚಿತ್ರವಾಗಿ ಕಂಡಿತು. ನಮ್ಮಂಥ ಉಷ್ಣದೇಶದವರಿಗೆ ಅದು ಕರಗುವುದೂ ಕಾಣುತ್ತದೆ. ಒಬ್ಬನಿಂದ ಒಬ್ಬನಿಗೆ ದಾಟುವಾಗ ವಿಧಾನದ ಹೆಸರು ಉಳಿಯುತ್ತದೆ, ಹುರುಳು ಸವೆಯುತ್ತದೆ. ಮೊದಲನೆಯವನ ಉಚ್ಚಾರಣೆ ನಾಲ್ಕನೆಯವನನ್ನು ಮುಟ್ಟುವ ಹೊತ್ತಿಗೆ ಬೇರೊಂದಾಗಿರುತ್ತದೆ. ತರಬೇತಿಯನ್ನು ಮೇಲಿನಿಂದ ಕೆಳಕ್ಕೆ ಹಂತಹಂತವಾಗಿ ಇಳಿಸುವ ಪದ್ಧತಿ ನಮ್ಮಲ್ಲಿ ಇಂದಿಗೂ ಉಂಟು. ಆ ಸವಕಳಿಯೂ ಉಂಟು.

ಈ ಸವಕಳಿಗೆ ಯಂತ್ರವೇ ಮದ್ದೆಂದು ಹಲವರು ನಂಬಿದರು. ನಂಬಿಕೆಯೇನೂ ಹುಸಿಯಲ್ಲ. ಗ್ರಾಮಫೋನು ತಟ್ಟೆಯೂ ಟೇಪ್ ರಿಕಾರ್ಡರೂ ಹತ್ತನೆಯ ಊರಿನಲ್ಲಿಯೂ ಮೊದಲನೆಯ ಊರಿನ ಧ್ವನಿಯನ್ನೇ ಕೇಳಿಸುತ್ತವೆ. ಬೆಂಗಳೂರಿನ ಸಂಸ್ಥೆ ಹುಟ್ಟಿದ 1963ರಲ್ಲಿಯೇ ಫಿಲಿಪ್ಸ್ ಕಂಪೆನಿ ಅಂಗೈಯಲ್ಲಿ ಹಿಡಿಯುವಂಥ ಕ್ಯಾಸೆಟ್ಟನ್ನು ಹೊರತಂದಿತು. ಟೇಪ್ ರಿಕಾರ್ಡರಿಗೆ ಇನ್ನೊಂದು ಹೆಚ್ಚಳವೂ ಇತ್ತು. ಉಪಾಧ್ಯಾಯನು ತನ್ನ ಓದನ್ನು ಅದರಲ್ಲಿ ಹಿಡಿದು ತಾನೇ ಕೇಳಬಹುದಾಗಿತ್ತು. ತನ್ನ ದನಿಯನ್ನು ಮೊದಲ ಬಾರಿ ಹೊರಗಿನಿಂದ ಕೇಳಿದವನಿಗೆ ಆಗುವ ಸಂಕೋಚ ನಿಮಗೆ ಗೊತ್ತಿರಬಹುದು. ಕಲಿಕೆ ಆ ಸಂಕೋಚದಿಂದಲೇ ಆರಂಭ.

ಆದರೆ ನಾನು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಟೇಪ್ ರಿಕಾರ್ಡರು ಎಲ್ಲಿತ್ತು ಗೊತ್ತೆ? ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ, ಬಿಳಿಯ ಬಟ್ಟೆಯಲ್ಲಿ ಸುತ್ತಿಕೊಂಡು, ಬೀಗದ ಒಳಗೆ. ಅದು ಸ್ಟಾಕ್ ರಿಜಿಸ್ಟರಿನಲ್ಲಿ ದಾಖಲಾದ ವಸ್ತು. ಕೆಟ್ಟರೆ ಸಂಬಳದಿಂದ ಹಿಡಿದಾರೆಂಬ ಅಂಜಿಕೆ. ಬಳಸಿದರೆ ಕೆಡುತ್ತದೆ, ಬಳಸದಿದ್ದರೆ ಲೆಕ್ಕ ಸರಿಯಾಗಿರುತ್ತದೆ. ನಿವೃತ್ತರಾಗುವ ಮುಖ್ಯೋಪಾಧ್ಯಾಯರು ಹೊಸಬರಿಗೆ ಅದನ್ನು ಒಪ್ಪಿಸಿ ರುಜು ಪಡೆಯುತ್ತಿದ್ದರು. ಅದು ಹಾಡಿದ್ದನ್ನು ನಾನು ಕೇಳಿದ್ದು ಒಂದೇ ಸಲ, ಸ್ವಾತಂತ್ರ್ಯ ದಿನಾಚರಣೆಯಲ್ಲಿ. ಇದನ್ನು ಹಾಸ್ಯಕ್ಕೆ ಹೇಳಿದ್ದಲ್ಲ. ಯಂತ್ರ ಕೊಡುವವರು ಅದರ ಬೆಲೆಯನ್ನು ಲೆಕ್ಕ ಹಾಕುತ್ತಾರೆ. ಅದು ಕೆಟ್ಟಾಗ ರಿಪೇರಿಗೆ ಯಾರು, ಹಣ ಎಲ್ಲಿಂದ, ಹೊಣೆ ಯಾರದು ಎಂಬುದನ್ನು ಲೆಕ್ಕ ಹಾಕುವುದಿಲ್ಲ. ಆ ಬೀರುವಿನಲ್ಲಿ ಮುಂದೆ ಟಿ.ವಿ. ಬಂತು, ಅನಂತರ ಕಂಪ್ಯೂಟರು ಬಂತು. ಬಟ್ಟೆ ಮಾತ್ರ ಬದಲಾಯಿತು.

ಇನ್ನು ಆಕಾಶಕ್ಕೆ ಏರೋಣ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಭಾರತದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನ ಬಂತು. ನಮ್ಮ ರಾಜ್ಯದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಆ ವರ್ಷ ವಿಜ್ಞಾನ ಕಲಿಸುವ ಸುಮಾರು 50,000 ಪ್ರಾಥಮಿಕ ಉಪಾಧ್ಯಾಯರಿಗೆ ಉಪಗ್ರಹದ ಮೂಲಕ ತರಬೇತಿ ದೊರೆಯಿತು. ವಿಷಯ ಇಂಗ್ಲಿಷಲ್ಲ, ನಿಜ. ಆದರೆ ಇಷ್ಟು ಜನ ಉಪಾಧ್ಯಾಯರನ್ನು ಒಮ್ಮೆಗೇ ಮುಟ್ಟಬಹುದೆಂಬುದು ಅಂದು ಸಿದ್ಧವಾಯಿತು. ಅಡ್ಡಿ ಒಂದೇ: ಪರದೆಯ ಮೇಲಿನವರು ಹೇಳುತ್ತಾರೆ, ಕೆಳಗಿನವರು ಕೇಳುತ್ತಾರೆ, ಕೈಯೆತ್ತಿ ಪ್ರಶ್ನೆ ಕೇಳಿದರೆ ಮೇಲಿನವರಿಗೆ ಕಾಣುವುದಿಲ್ಲ.

ಈ ಕೊರತೆ ತಜ್ಞರಿಗೂ ಗೊತ್ತಿತ್ತು. 1996ರ ಜನವರಿಯಲ್ಲಿ ನಮ್ಮ ಕರ್ನಾಟಕದಲ್ಲಿಯೇ ಒಂದು ಪ್ರಯೋಗ ಮಾಡಿದರು. ಜಿಲ್ಲಾ ಕೇಂದ್ರಗಳಲ್ಲಿ ಸೇರಿದ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಪರದೆಯ ಮೇಲೆ ತಜ್ಞರನ್ನು ನೋಡುತ್ತ, ಅಲ್ಲಿಂದಲೇ ಪ್ರಶ್ನೆ ಕೇಳಿ ಉತ್ತರ ಪಡೆಯುವ ಏರ್ಪಾಡು ಅದು. ಮಾತು ಮರಳಿ ಹೋಗುವ ದಾರಿ ತೆರೆಯಿತು. ಆದರೆ ನೂರಾರು ಜನ ಕಾದಿರುವಾಗ ಎಷ್ಟು ಜನರಿಗೆ ಸರದಿ ಬಂದೀತು? 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹವನ್ನು ಹಾರಿಸಿದರು; ಚಾಮರಾಜನಗರ ಜಿಲ್ಲೆಯ ನೂರಾರು ಶಾಲೆಗಳ ಮೇಲೆ ತಟ್ಟೆಗಳು ಏರಿದವು. 2010ರಲ್ಲಿ ಆ ಉಪಗ್ರಹದ ಆಯುಸ್ಸು ಮುಗಿಯಿತು. ಯಂತ್ರದ ಆಯುಸ್ಸು ಆರು ವರ್ಷ, ಉಪಾಧ್ಯಾಯನ ಸೇವೆ ಮೂವತ್ತು ವರ್ಷ. ಒಂದು ಯಂತ್ರ ಕೈಗೆ ಒಗ್ಗುವ ಹೊತ್ತಿಗೆ ಅದು ಹೋಗಿ ಇನ್ನೊಂದು ಬಂದಿರುತ್ತದೆ. ಅವನು ಮತ್ತೆ ಮೊದಲಿನಿಂದ ಕಲಿಯಬೇಕು. ಹೀಗೆ ಇಂಗ್ಲಿಷು ಕಲಿಸುವ ತರಬೇತಿಗೆ ಹೋದವನು ಗುಂಡಿ ಒತ್ತುವುದನ್ನು ಕಲಿತು ಬರುವ ಸಂದರ್ಭಗಳೇ ಹೆಚ್ಚಾದವು.

ಕಂಪ್ಯೂಟರಿನ ಕಥೆಯಲ್ಲಿ ಬೇರೊಂದು ವಿಚಿತ್ರವಿದೆ. 1984ರಲ್ಲಿ ಭಾರತ ಸರ್ಕಾರ ಸುಮಾರು 250 ಶಾಲೆಗಳಲ್ಲಿ ಕಂಪ್ಯೂಟರು ಶಿಕ್ಷಣವನ್ನು ಆರಂಭಿಸಿತು. ಆ ಪೆಟ್ಟಿಗೆಗಳೂ ಇಂಗ್ಲೆಂಡಿನವು, ಅವುಗಳ ಭಾಷೆಯೂ ಇಂಗ್ಲಿಷು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಮಾಲೆಯಾದ ಯೂನಿಕೋಡಿನಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಸಿಕ್ಕಿತಾದರೂ, ಅದು ಶಾಲೆಯ ಕಂಪ್ಯೂಟರಿಗೆ ಬರಲು ಬಹಳ ಕಾಲ ಹಿಡಿಯಿತು. ಇದರ ಫಲವನ್ನು ಯೋಚಿಸಿರಿ. ಇಂಗ್ಲಿಷು ಅಳುಕುವ ಉಪಾಧ್ಯಾಯನು ಯಂತ್ರದಿಂದ ಇಂಗ್ಲಿಷು ಕಲಿಯಬೇಕು. ಆ ಯಂತ್ರವನ್ನು ನಡೆಸುವುದಕ್ಕೆ ಅವನಿಗೆ ಮೊದಲೇ ಇಂಗ್ಲಿಷು ಬರಬೇಕು. ಪೆಟ್ಟಿಗೆಯ ಬೀಗದಕೈ ಪೆಟ್ಟಿಗೆಯ ಒಳಗೇ ಇಟ್ಟಂತಾಯಿತು. ಪರದೆಯ ಮೇಲೆ ಏನೋ ಎಚ್ಚರಿಕೆಯ ವಾಕ್ಯ ಮೂಡಿದರೆ ಕೈ ಹಿಂದೆಗೆಯುತ್ತದೆ. ಪಕ್ಕದ ತರುಣನನ್ನು ಕೇಳೋಣವೆಂದರೆ, ‘ಇಂಗ್ಲಿಷು ಮೇಷ್ಟರಿಗೇ ಇದು ಅರ್ಥವಾಗಲಿಲ್ಲವೆ?’ ಎಂದಾನೆಂಬ ನಾಚಿಕೆ. ಈ ನಾಚಿಕೆ ಯಾವ ವರದಿಯಲ್ಲಿಯೂ ಬರುವುದಿಲ್ಲ. ನಾನು ಕಂಡ ಅಡ್ಡಿಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ನಡುವೆ ಒಂದು ವಿಷಯವನ್ನು ಮರೆಯಬಾರದು. ಬೆಂಗಳೂರಿನ ಅದೇ ಪ್ರಾದೇಶಿಕ ಸಂಸ್ಥೆಯನ್ನು ನೆಲೆಯಾಗಿಟ್ಟುಕೊಂಡು ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಹೊಸದೊಂದು ಬೋಧನೆಯನ್ನು ಪರೀಕ್ಷಿಸಿದರು. ವ್ಯಾಕರಣದ ಅಚ್ಚುಗಳನ್ನು ಉರು ಹೊಡೆಸುವ ಬದಲು ರೈಲುಗಳ ವೇಳಾಪಟ್ಟಿ, ಊರಿನ ನಕ್ಷೆ ಮುಂತಾದವನ್ನು ಕೊಟ್ಟು, ಅದರಲ್ಲಿನ ಸಮಸ್ಯೆಯನ್ನು ಇಂಗ್ಲಿಷಿನಲ್ಲಿ ಬಿಡಿಸಹೇಳುವ ಕ್ರಮ ಅದು. ಇಂಗ್ಲಿಷು ಬೋಧನೆಯ ಜಗತ್ತಿನಲ್ಲಿ ‘ಬೆಂಗಳೂರು ಯೋಜನೆ’ಯೆಂದೇ ಅದು ಹೆಸರಾಯಿತು, ಪ್ರಭು ಅವರ ಗ್ರಂಥ 1987ರಲ್ಲಿ ಪ್ರಕಟವಾಯಿತು. ಅದಕ್ಕೆ ಬೇಕಾದ ಸಾಮಗ್ರಿ ಎಂದರೆ ಕರಿಹಲಗೆ, ಸೀಮೆಸುಣ್ಣ, ಕಾಗದ. ಪಾಠ ಮಾಡುವವರು, ಹಿಂದೆ ಕುಳಿತು ನೋಡುವವರು, ಪಾಠವಾದ ಮೇಲೆ ಕೂಡಿ ಚರ್ಚಿಸುವವರು, ಇವರೇ ಅದರ ಜೀವ. ನಾನು ಮೊದಲು ಹೇಳಿದ ಮೂರನೆಯ ಅಂಗ ಅಲ್ಲಿ ತುಂಬಿಕೊಂಡಿತ್ತು.

ಯಂತ್ರಗಳಲ್ಲಿ ಆ ಮೂರನೆಯ ಅಂಗಕ್ಕೆ ಹತ್ತಿರ ಬಂದದ್ದು, ಆಶ್ಚರ್ಯವೆಂದರೆ, ನಿಮ್ಮ ಮನೆಯ ಹಳೆಯ ರೇಡಿಯೋ. ಕೀನ್ಯಾ ದೇಶದಲ್ಲಿ 1980ರ ದಶಕದ ಆರಂಭದಲ್ಲಿ ಮೊದಲ ಮೂರು ತರಗತಿಗಳಿಗೆ ರೇಡಿಯೋ ಮೂಲಕ ಇಂಗ್ಲಿಷು ಕಲಿಸಿದರು. ಪಾಠ ಹೇಳುವ ಧ್ವನಿ ನಡುನಡುವೆ ನಿಲ್ಲುತ್ತದೆ. ಆ ಮೌನದಲ್ಲಿ ಮಕ್ಕಳು ಉತ್ತರ ಹೇಳಬೇಕು, ಎದ್ದು ನಿಲ್ಲಬೇಕು, ವಸ್ತುವನ್ನು ಮುಟ್ಟಿ ತೋರಿಸಬೇಕು. ಅದನ್ನು ನಡೆಸಿಕೊಡುವ ಉಪಾಧ್ಯಾಯನು ಬೇರೆ ತರಬೇತಿಗೆ ಹೋಗದೆ ತರಗತಿಯಲ್ಲಿಯೇ ದಿನವೂ ಕಲಿಯುತ್ತಾನೆ. ನಮ್ಮ ರಾಜ್ಯದಲ್ಲಿ 2007ರಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ತಂದರು. ಗಣಿತವನ್ನೂ ಕನ್ನಡವನ್ನೂ ಕಲಿಸುತ್ತಿದ್ದ ಉಪಾಧ್ಯಾಯಿನಿಯರು ಒಮ್ಮೆಗೇ ಇಂಗ್ಲಿಷು ಉಪಾಧ್ಯಾಯಿನಿಯರೂ ಆದರು. ಆಕಾಶವಾಣಿಯ ಶಾಲಾ ಪಾಠಗಳು ಅಂಥವರ ತರಗತಿಗೆ ಜೊತೆಗಾರರಾಗಿ ಒದಗಿದ್ದುಂಟು. ಆದರೆ ಪಾಠದ ಹೊತ್ತಿಗೇ ವಿದ್ಯುತ್ತು ಹೋದರೆ ಆ ದಿನದ ಪಾಠವೂ ಹೋಯಿತು.

ಈಗ ಕೈಫೋನಿನ ಕಾಲ. 2017ರಲ್ಲಿ ‘ದೀಕ್ಷಾ’ ಎಂಬ ಜಾಲತಾಣ ಬಂತು. 2019ರಲ್ಲಿ ಸುಮಾರು 42 ಲಕ್ಷ ಉಪಾಧ್ಯಾಯರನ್ನು ಗುರಿಯಾಗಿಟ್ಟುಕೊಂಡು ‘ನಿಷ್ಠಾ’ ಎಂಬ ತರಬೇತಿ ತೊಡಗಿತು. ಮರುವರ್ಷ ಮಹಾಮಾರಿಯ ಕಾರಣ ಅದು ಫೋನಿನೊಳಕ್ಕೆ ಬಂತು. ಮದರಾಸಿನವರ 27,000 ಎಲ್ಲಿ, ಈ 42 ಲಕ್ಷ ಎಲ್ಲಿ! ಸಂಖ್ಯೆಯ ಅಡ್ಡಿಯನ್ನು ಯಂತ್ರ ಗೆದ್ದಿತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಒಂದು ಮನೆಯೊಳಕ್ಕೆ ಬಂದು ನೋಡಿರಿ. ಆ ದಿನಗಳಲ್ಲಿ ನನ್ನ ಪಕ್ಕದ ಮೇಜಿನ ಇಂಗ್ಲಿಷು ಉಪಾಧ್ಯಾಯಿನಿಯವರ ಮನೆಯಲ್ಲಿ ಇದ್ದದ್ದು ಒಂದೇ ಒಳ್ಳೆಯ ಫೋನು. ಹಗಲು ಅದು ಮಗನ ಕಾಲೇಜಿನ ಪಾಠಕ್ಕೆ. ರಾತ್ರಿ ಹತ್ತರ ಮೇಲೆ, ಪಾತ್ರೆ ತೊಳೆದು, ಅತ್ತೆಯವರಿಗೆ ಮಾತ್ರೆ ಕೊಟ್ಟು ಬಂದ ಮೇಲೆ ಅದು ಇವರ ತರಬೇತಿಗೆ. ಚಿತ್ರ ಓಡುತ್ತಿತ್ತು, ಇವರು ತೂಕಡಿಸುತ್ತಿದ್ದರು. ಕೊನೆಯ ಪ್ರಶ್ನೆಗಳಿಗೆ ಮಗನೇ ಉತ್ತರ ಒತ್ತಿದ. ಶಾಲೆ ತೆರೆದ ಮೇಲೆ ಅವರು ನನಗೆ ಹೇಳಿದರು: “ಪಂಡಿತರೆ, ಸರ್ಟಿಫಿಕೇಟು ಬಂತು. ಕಲಿತದ್ದೇನು ಎಂದು ಮಾತ್ರ ಕೇಳಬೇಡಿ.” ನಾನು ನಗಲಿಲ್ಲ, ನನಗೆ ಬಂದ ಸರ್ಟಿಫಿಕೇಟೂ ಅದೇ ಬಗೆಯದು. ಆ ಚಿತ್ರಗಳಲ್ಲಿ ಒಳ್ಳೆಯ ಮಾತುಗಳಿದ್ದವು. ಬೇರೆ ಹೊತ್ತಿನಲ್ಲಿ ಕೇಳಿದ್ದರೆ ನಮಗೆ ಪ್ರಯೋಜನವಾಗುತ್ತಿತ್ತು. ಆದರೆ ಕೇಳಿದೆವೊ ಇಲ್ಲವೊ ಎಂದು ನೋಡುವವರು ಯಾರೂ ಇರಲಿಲ್ಲ.

ಈಚೆಗೆ ಕೇಳಿಸಿಕೊಳ್ಳುವ ಯಂತ್ರಗಳೂ ಬಂದಿವೆಯೆಂದು ನೀವು ಹೇಳಬಹುದು. ಹೌದು; ಗೂಗಲ್ ಕಂಪೆನಿ 2019ರಲ್ಲಿ ನಮ್ಮ ದೇಶದಲ್ಲಿ ಹೊರತಂದ ‘ಬೋಲೋ’ ಮಗುವಿನ ಓದನ್ನು ಕೇಳಿ, ತಪ್ಪಿದ ಪದವನ್ನು ತೋರಿಸುತ್ತಿತ್ತು. ಇಂಥವು ಇನ್ನೂ ಚುರುಕಾಗುತ್ತಿವೆ. ಮೊದಲನೆಯ ಅಂಗಕ್ಕೆ ಇವು ದೊಡ್ಡ ಸಹಾಯ. ಆದರೆ ಐವತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಸಾಲಿನ ಹುಡುಗಿ ಏಕೆ ಬಾಯಿ ಬಿಡುವುದಿಲ್ಲ, ಅವಳನ್ನು ಮಾತನಾಡಿಸುವುದು ಹೇಗೆ ಎಂಬುದನ್ನು ಹೇಳಲು ಆ ತರಗತಿಯನ್ನು ಕಂಡವರೇ ಬೇಕು. ಅಲ್ಲದೆ, ಸರ್ಕಾರದ 2023–24ರ ಅಂಕಿಗಳ ಪ್ರಕಾರ ದೇಶದ ಶಾಲೆಗಳಲ್ಲಿ ಕಂಪ್ಯೂಟರು ಇದ್ದದ್ದು ನೂರಕ್ಕೆ 57ರಲ್ಲಿ, ಅಂತರ್ಜಾಲ ಇದ್ದದ್ದು ನೂರಕ್ಕೆ 54ರಲ್ಲಿ. ಉಳಿದ ಶಾಲೆಗಳ ಉಪಾಧ್ಯಾಯರು ತಮ್ಮ ಫೋನನ್ನೇ, ತಮ್ಮ ಹಣದಿಂದಲೇ, ತಮ್ಮ ನಿದ್ದೆಯ ಹೊತ್ತಿನಲ್ಲಿಯೇ ಬಳಸಬೇಕು.

ಹಾಗಾದರೆ ದಾರಿಯೇ ಇಲ್ಲವೆ? ನಮ್ಮ ಉಪಾಧ್ಯಾಯಿನಿಯವರೇ ಒಂದು ದಾರಿ ಕಂಡುಕೊಂಡರು. ಕಳೆದ ವರ್ಷ ಶನಿವಾರ ಶಾಲೆ ಬಿಟ್ಟ ಮೇಲೆ ಅವರೂ ಸುತ್ತಲಿನ ಶಾಲೆಗಳ ಮೂವರೂ ಒಂದು ಗಂಟೆ ಕೂಡತೊಡಗಿದರು. ಮೇಜಿನ ನಡುವೆ ಒಂದೇ ಫೋನು. ಪಾಠದ ಒಂದು ಭಾಗವನ್ನು ಅದರಲ್ಲಿ ಕೇಳುವುದು, ನಿಲ್ಲಿಸುವುದು, ತಾವು ಓದಿ ಅದರಲ್ಲಿಯೇ ಧ್ವನಿ ಹಿಡಿಯುವುದು, ಕೇಳಿ ನಗುವುದು, ತಿದ್ದುವುದು. ಎರಡು ‘ವೆಸ್ಟ್’ಗಳ ಭೇದಕ್ಕೆ ಕನ್ನಡ ಪಂಡಿತನಾದ ನನ್ನನ್ನೂ ಕರೆದರು, ದಂತೋಷ್ಠ್ಯವೆಂದರೇನು ಎಂದು ಹೇಳುವುದಕ್ಕೆ! ಆಮೇಲೆ ಬಿಡುವಿದ್ದಾಗ ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕುಳಿತರು. ‘ನೀವು ಪ್ರಶ್ನೆ ಕೇಳಿ ಉತ್ತರವನ್ನೂ ನೀವೇ ಹೇಳಿಬಿಡುತ್ತೀರಿ’ ಎಂದು ಗೆಳತಿ ಹೇಳಿದ ಒಂದು ಮಾತು ಅವರ ಪಾಠವನ್ನೇ ಬದಲಾಯಿಸಿತು. ಈಗ ಅವರು ಪ್ರಶ್ನೆ ಕೇಳಿ ಕಾಯುತ್ತಾರೆ. ಮೌನ ಉದ್ದವಾದರೂ ಕಾಯುತ್ತಾರೆ. ಮಕ್ಕಳು ತಪ್ಪುತಪ್ಪಾಗಿಯಾದರೂ ಮಾತನಾಡುತ್ತಿದ್ದಾರೆ.

ಔಷಧದಂಗಡಿಯ ಯಜಮಾನರಿಗೆ ನನ್ನ ಉತ್ತರ ಇಷ್ಟು. ರೇಡಿಯೋ, ಟೇಪು, ಉಪಗ್ರಹ, ಕಂಪ್ಯೂಟರು, ಫೋನು, ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಪ್ರತಿಯೊಂದೂ ಒಳ್ಳೆಯ ಧ್ವನಿಯನ್ನು ದೂರಕ್ಕೆ ತಂದಿತು. ಪ್ರತಿ ಸಲವೂ ನಾವು ಯಂತ್ರವನ್ನು ಕೊಟ್ಟು, ಅದರ ಜೊತೆಗೆ ಬೇಕಾದ ಒಂದು ಗಂಟೆಯನ್ನೂ ಒಬ್ಬ ಜೊತೆಗಾರನನ್ನೂ ಕೊಡುವುದನ್ನು ಮರೆತೆವು.

ಓದುಗರೆ, ಸರ್ಕಾರ ಮಾಡಬೇಕಾದದ್ದನ್ನು ಸರ್ಕಾರ ಮಾಡಲಿ. ನಿಮ್ಮ ಮನೆಯಲ್ಲಿಯೇ ಒಬ್ಬ ಉಪಾಧ್ಯಾಯಿನಿಯಿದ್ದರೆ, ಸೊಸೆಯೋ ಮಗಳೋ ಆಗಿದ್ದರೆ, ವಾರಕ್ಕೆ ಒಂದು ಗಂಟೆ ಅಡಿಗೆಮನೆಯ ಕೆಲಸವನ್ನು ನೀವು ವಹಿಸಿಕೊಂಡು ಆ ಹೊತ್ತನ್ನು ಅವರ ಕಲಿಕೆಗೆ ಬಿಟ್ಟುಕೊಡಿರಿ. ಅವರು ಗಟ್ಟಿಯಾಗಿ ಇಂಗ್ಲಿಷು ಓದುವುದು ಕೇಳಿಸಿದರೆ ನಗಬೇಡಿರಿ. ಹತ್ತಿರ ಕುಳಿತು ಕೇಳಿರಿ.